ಸುಟ್ಟ ಕೋಳಿ ಸಂಕಪ್ಪಣ್ಣ

ಬೆಂಕಿಯನ್ನು ಪಳಗಿಸಿದ ದಿನವೇ ಮನುಷ್ಯ ಮೃಗಗಳ ಸಾಲಿನಿಂದ ಎದ್ದುಬಂದು ನಾಗರಿಕನಾದನೆಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರಲ್ಲಿ ಒಬ್ಬರೂ ಸುಬ್ರಹ್ಮಣ್ಯದ ಬಸ್ಸಿನಲ್ಲಿ ಬಂದು, ಕಡಬಕ್ಕಿಂತ ಮೊದಲಿನ ಏರಿನಲ್ಲಿ ಇಳಿದು, ಸಂಕಪ್ಪಣ್ಣನ ಹೋಟೇಲಿನ ಬೆಂಚಿಗಾಗಿ ಮೊಣಕೈಯಿಂದ ತಿವಿಸಿಕೊಂಡವರಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಸಂಕಪ್ಪಣ್ಣನಿಗೆ ಹುಬ್ಬುಗಳಿರಲಿಲ್ಲ. ಹುಟ್ಟುವಾಗ ಇದ್ದಿರಬೇಕು. ಒಲೆಯ ಮುಂದೆ ಬಗ್ಗಿ ಬಗ್ಗಿ ಹೊತ್ತಿಹೋದವು, ಮತ್ತೆ ಹುಟ್ಟಿಬರುವ ಧೈರ್ಯ ಮಾಡಲಿಲ್ಲ. ಹಾಗಾಗಿ ಆ ಮುಖಕ್ಕೆ ಯಾವಾಗಲೂ ಈಗಷ್ಟೇ ಏನೋ ಭಯಂಕರ ಸುದ್ದಿ ಕೇಳಿದಂಥ ಕಳೆ. ಮೊದಲ ಸಲ ನೋಡಿದವರು "ಎಂತ ಆಯ್ತು?" ಎಂದು ಗಾಬರಿಯಿಂದ ಕೇಳುವುದಿತ್ತು. "ಎಂತ ಸಾ ಆಗ್ಲಿಲ್ಲ, ಕೂತುಕೊಳ್ಳಿ," ಎಂದು ಅವನು ಹೇಳುತ್ತಿದ್ದ. ಆಗುವುದೆಲ್ಲ ಕೂತ ಮೇಲೆ ಆಗುತ್ತಿತ್ತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಡಬದಿಂದಾಚೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತ್ತು. ಮನೆ ಐವರ್ನಾಡಿನಲ್ಲಿ. ಎರಡರ ನಡುವೆ ಇದ್ದದ್ದು ಒಂದು ಹೊಳೆ ಮತ್ತು ಒಂದಿಷ್ಟು ಕಾಡು. ಆದರೆ ಸಂಬಳದ ಮನುಷ್ಯರು ಹೊಳೆ ದಾಟಿ ಕಾಡು ಹೊಕ್ಕು ಕೆಲಸಕ್ಕೆ ಹೋಗುವುದು ಶೋಭೆಯಲ್ಲವೆಂದು, ವಾರದ ರಜೆ ಮುಗಿಸಿ ಹೋಗುವಾಗ ನಾನು ಪುತ್ತೂರಿಗೆ ಬಂದು, ಉಪ್ಪಿನಂಗಡಿ ಸುತ್ತಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ಹಿಡಿಯುತ್ತಿದ್ದೆ.

ಅದು ದೇವರ ಬಸ್ಸು. ಒಳಗೆ ಹರಕೆ ಹೊತ್ತವರು, ಸರ್ಪಸಂಸ್ಕಾರಕ್ಕೆ ಹೊರಟವರು, ಮಡಿಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡ ಅಜ್ಜಿಯಂದಿರು. ಅಂಥ ಬಸ್ಸು ಮಧ್ಯಾಹ್ನದ ಹೊತ್ತಿಗೆ ಸುಟ್ಟ ಕೋಳಿಯ ಹೋಟೇಲಿನ ಎದುರು ನಿಟ್ಟುಸಿರುಬಿಟ್ಟು ನಿಂತದ್ದು ನನಗೆ ಬಿದ್ದ ಮೊದಲನೆಯ ಆಘಾತ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಆ ಏರಿನ ನಡುವಿನ ತಿರುವಿಗೆ ಬರುವಷ್ಟರಲ್ಲಿ ಹಳೆಯ ಎಂಜಿನು ಕೊತಕೊತ ಕುದಿಯುತ್ತಿತ್ತು. ಅದು ತಣಿಯುವವರೆಗೆ ಬಸ್ಸು ನಿಲ್ಲಲೇಬೇಕು. ಎಂಜಿನು ಕುದಿಯುವ ಜಾಗವನ್ನು ನೋಡಿಯೇ ಸಂಕಪ್ಪಣ್ಣ ಒಲೆ ಹಾಕಿದ್ದ. ಬರುವಾಗ ಇಳಿಜಾರಿನಲ್ಲಿ ಬ್ರೇಕು ಬಿಸಿಯಾಗುವುದರಿಂದ ಸಂಜೆಯೂ ಅಲ್ಲೇ ನಿಲ್ಲುತ್ತಿತ್ತು. ಭಕ್ತರಲ್ಲಿ ಕೆಲವರು ಹೋಗುವಾಗ ಮೂಗಿಗೆ ಸೆರಗು, ಶಾಲು ಹಿಡಿದುಕೊಂಡು ಕೂತಿರುತ್ತಿದ್ದರು. ಬರುವಾಗ ಅವರಲ್ಲೇ ಕೆಲವರು ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದರು. ನಮ್ಮದು ಮೀನು, ಕೋಳಿ ತಿನ್ನುವ ಮನೆಯೇ ಆದ್ದರಿಂದ ನಾನು ಎರಡೂ ಕಡೆಯಿಂದ ನಿರಾತಂಕವಾಗಿ ಇಳಿಯುತ್ತಿದ್ದೆ.

ಹೋಟೇಲೆಂದರೆ ಮುಳಿಹುಲ್ಲಿನ ಮಾಡು, ಎರಡು ಬೆಂಚು, ನಡುವೆ ಮಾಡನ್ನು ಹೊತ್ತುಕೊಂಡ ಒಂದು ಹಲಸಿನ ಕಂಬ. ಎದುರಿಗೆ ಕೆಂಪುಕಲ್ಲಿನಲ್ಲಿ ಕಟ್ಟಿದ, ದನಗಳಿಗೆ ನೀರಿಡುವ ಮರಿಗೆಯಷ್ಟು ಉದ್ದದ ಒಲೆ. ಅದರಲ್ಲಿ ತೆಂಗಿನ ಗೆರಟೆಯ ಕೆಂಡ. ಗಾಂಧಾರಿ ಮೆಣಸು, ಕರಿಮೆಣಸು, ಉಪ್ಪು, ಪುನರ್ಪುಳಿಯ ರಸ ಇಷ್ಟನ್ನು ಅರೆದು ಬಳಿದ ಕೋಳಿಯನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸಾಲಾಗಿ ಇಟ್ಟು, ತೆಂಗಿನ ನಾರಿನಿಂದ ಎಣ್ಣೆ ಸವರುತ್ತ ಬರಿಗೈಯಲ್ಲಿ ತಿರುಗಿಸುವುದು ಸಂಕಪ್ಪಣ್ಣನ ಕ್ರಮ. ದೊಡ್ಡ ಯುದ್ಧದ ಕಾಲದಲ್ಲಿ ಮಿಲಿಟರಿಯ ಅಡುಗೆಯವನಾಗಿ ಬಸ್ರಾದ ಕಡೆ ಹೋಗಿದ್ದನಂತೆ. ಅಲ್ಲಿಯವರು ಮಾಂಸವನ್ನು ಸರಳಿಗೆ ಚುಚ್ಚಿ ಸುಡುವುದನ್ನು ನೋಡಿ ಬಂದಿದ್ದ. ಆ ಯುದ್ಧದಿಂದ ನಮ್ಮ ತಾಲೂಕಿಗೆ ಆದ ಲಾಭ ನನಗೆ ತಿಳಿದಂತೆ ಇದೊಂದೇ.

ಬಾಳೆಲೆಯ ಕೀತಿನ ಮೇಲೆ ಕಡ್ಡಿಸಮೇತ ಕೋಳಿ, ಪಕ್ಕದಲ್ಲಿ ಸಂಕಪ್ಪಣ್ಣನ ಹೆಂಡತಿ ಕಮಲಕ್ಕ ಮಾಡಿದ ಬಿಸಿ ಪುಂಡಿ, ಅಕ್ಕಿತರಿಯ ದುಂಡನೆಯ ಉಂಡೆ. ಮೊದಲ ತುಂಡು ಬಾಯಿಗಿಟ್ಟಾಗ ನನ್ನ ಕಣ್ಣಲ್ಲಿ ನೀರು ಬಂತು, ಕಿವಿ ಮುಚ್ಚಿತು, ಶಾಲೆಯ ಹೆಸರು ಮರೆತುಹೋಯಿತು. ಎರಡನೆಯ ತುಂಡಿಗೆ ನಾನು ಆ ಹೋಟೇಲಿನ ಖಾಯಂ ಗಿರಾಕಿಯಾಗಿದ್ದೆ. ಮೂರನೆಯದನ್ನು ಎಳೆದುಕೊಳ್ಳುವಾಗ ಕಡ್ಡಿಯನ್ನು ನೋಡಿದೆ. ಅದು ಕೊಡೆಯ ಕಡ್ಡಿ.

ತಲೆಯೆತ್ತಿದರೆ ಮಾಡಿನ ಅಡಿಯಲ್ಲಿ ಕೊಡೆಯ ಹಿಡಿಗಳ ಸಾಲು. ಬೆತ್ತದ್ದು, ಮರದ್ದು, ಬಾಗಿದ್ದು, ನೆಟ್ಟಗಿದ್ದದ್ದು, ಬೇಟೆಯಾಡಿದ ಮೃಗಗಳ ಕೊಂಬುಗಳನ್ನು ಗುತ್ತಿನ ದೊಡ್ಡಮನೆಯ ಚಾವಡಿಯಲ್ಲಿ ತೂಗಹಾಕಿದ ಹಾಗೆ. ಬಸ್ಸಿನಲ್ಲಿ ಜನ ಮರೆತುಹೋದ ಕೊಡೆಗಳನ್ನು ಒಂದು ಮಳೆಗಾಲ ಕಾದು, ಯಾರೂ ಕೇಳಿಕೊಂಡು ಬರದಿದ್ದರೆ, ಕಂಡಕ್ಟರ್ ಲೂಯಿಸ್ ಇಲ್ಲಿಗೆ ಒಪ್ಪಿಸುತ್ತಿದ್ದ. ಬಟ್ಟೆ ಬಿಚ್ಚಿ ಕಡ್ಡಿಗಳನ್ನು ಒಲೆಗೆ, ಹಿಡಿಯನ್ನು ಮಾಡಿಗೆ ಕೊಡುವುದು ಸಂಕಪ್ಪಣ್ಣನ ಕೆಲಸ. ಸಾಲಿನಲ್ಲಿ ಎಡದಿಂದ ನಾಲ್ಕನೆಯ ಹಿಡಿಯ ಮೇಲೆ ಚಾಕುವಿನಿಂದ ಕೆತ್ತಿದ ಎರಡಕ್ಷರ ನಮ್ಮ ತಂದೆಯವರದು. ಅದರ ಹಿಂದಿನ ವರ್ಷ ಅದನ್ನು ಕಳೆದುಕೊಂಡದ್ದಕ್ಕಾಗಿ ಅವರು ಮನೆಯಲ್ಲಿ ಎಲ್ಲರನ್ನೂ ಬೈದಿದ್ದರು.

"ಇದು ನಮ್ಮ ಅಪ್ಪನ ಕೊಡೆ," ಎಂದೆ.

ಸಂಕಪ್ಪಣ್ಣ ಹುಬ್ಬಿಲ್ಲದ ಮುಖ ಎತ್ತಿ ಹಿಡಿಯನ್ನು ನೋಡಿದ, ನನ್ನನ್ನು ನೋಡಿದ, ನನ್ನ ಕೈಯ ಕಡ್ಡಿಯನ್ನು ನೋಡಿದ.

"ಒಳ್ಳೆ ಕಬ್ಬಿಣ ಮಾರಾಯ್ರೆ," ಎಂದ. "ಅಪ್ಪನವರಿಗೆ ಹೇಳಿ, ಮಳೆಯಲ್ಲಿ ಹಾಳಾಗ್ಲಿಲ್ಲ ಅಂತ."

ಆ ಸಮಾಚಾರವನ್ನು ನಾನು ಮನೆಗೆ ಮುಟ್ಟಿಸಲಿಲ್ಲ.

ಆದರೆ ಇವೆಲ್ಲ ಸಣ್ಣ ಆಘಾತಗಳು. ದೊಡ್ಡದು ನನ್ನ ಬೆಂಚಿನ ಎದುರಿಗೇ ಕೂತು ಉಣ್ಣುತ್ತಿತ್ತು. ಅದರ ಹೆಸರು ದೂಮಣ್ಣ. ಅವನು ಆ ಬಸ್ಸಿನ ಡ್ರೈವರ್. ಕುಳ್ಳಗೆ, ಗಟ್ಟಿಯಾಗಿ, ಗೇರುಬೀಜದ ಬಣ್ಣಕ್ಕಿದ್ದ. ಎಂಜಿನಿಗೆ ನೀರು ಹಾಕಿ ಬಂದವನೇ ಕಂಬದ ಪಕ್ಕದಲ್ಲಿ ತನಗೆಂದೇ ಬಿಟ್ಟ ಜಾಗದಲ್ಲಿ ಕೂತು, ಕಂಬವನ್ನು ನೋಡಿ ಗಂಭೀರವಾಗಿ ಹೇಳಿದ:

"ಕಂಬವೇ, ಇವತ್ತು ಕಾಲು ಬೇಡ. ಎದೆ ಸಾಕು."

ಸಂಕಪ್ಪಣ್ಣ ಒಲೆಯ ಮೇಲಿನ ಕೋಳಿಗೆ ಹೇಳಿದ: "ಬಸ್ಸು ಬರುದು ತಡ ಆದ್ರೆ ಎದೆ ಬೇರೆಯವರು ತಿನ್ನುದು. ಇದ್ದದ್ದನ್ನು ತಿಂದು ಹೋಗ್ಲಿ."

"ಕಂಬವೇ, ಬಸ್ಸು ತಡ ಆದದ್ದು ಉಪ್ಪಿನಂಗಡಿಯಲ್ಲಿ ಎತ್ತು ಅಡ್ಡ ಮಲಗಿದ್ದಕ್ಕೆ."

"ಎತ್ತಿಗೂ ಬುದ್ಧಿ ಉಂಟು, ಯಾರ ಬಸ್ಸಿಗೆ ಅಡ್ಡ ಮಲಗ್ಬೇಕು ಅಂತ," ಎಂದು ಸಂಕಪ್ಪಣ್ಣ ಕೋಳಿಯ ಮಗ್ಗುಲು ತಿರುಗಿಸಿದ. ತಿರುಗಿಸಿ, ಹಿಂದಿನ ಸಾಲಿನಲ್ಲಿ ಮುಚ್ಚಿಟ್ಟಿದ್ದ ಎದೆಯ ತುಂಡನ್ನು ತೆಗೆದು ಎಲೆಗೆ ಹಾಕಿ, ಎಲೆಯನ್ನು ಕಂಬದ ಬುಡದಲ್ಲಿಟ್ಟ. ದೂಮಣ್ಣ ಅದನ್ನು ಕಂಬದಿಂದ ಸ್ವೀಕರಿಸಿದ.

ಅವರಾಡಿದ್ದು ತುಳುವಿನಲ್ಲಿ. ಅದರ ಖಾರ ನನ್ನ ಕನ್ನಡಕ್ಕೆ ಬಂದಿಲ್ಲ. ನಾನು ಬಾಯಿ ತೆರೆದು ನೋಡುತ್ತಿದ್ದೆ. ಸುತ್ತಲಿನವರು ಯಾರೂ ತಲೆ ಎತ್ತಲಿಲ್ಲ. ಕಂಬದ ಜೊತೆ ಮಾತಾಡುವ ಡ್ರೈವರು, ಸತ್ತ ಕೋಳಿಯ ಜೊತೆ ಮಾತಾಡುವ ಹೋಟೇಲಿನವ, ಇಂಥವರ ಕೈಯಲ್ಲಿ ಬಸ್ಸನ್ನೂ ಹೊಟ್ಟೆಯನ್ನೂ ಕೊಟ್ಟು ನೆಮ್ಮದಿಯಾಗಿದ್ದ ಆ ಜನರ ಧೈರ್ಯ ದೊಡ್ಡದು.

ಕತೆಯನ್ನು ನನಗೆ ಹೇಳಿದವನು ಲೂಯಿಸ್. ಅವರಿಬ್ಬರೂ ಚಿಕ್ಕಂದಿನ ಜೊತೆಗಾರರು. ಇಬ್ಬರಿಗೂ ಹುಂಜ ಕಾದಿಸುವ ಕೋಳಿ ಅಂಕದ ಹುಚ್ಚು. ದೂಮಣ್ಣನ ಹತ್ತಿರ ಒಂದು ಬಿಳಿ ಹುಂಜ ಇತ್ತು, ಹೆಸರು ಬೊಳ್ಳೆ. ಡ್ರೈವರನ ಸೀಟಿನ ಹಿಂದೆ ಬುಟ್ಟಿಯಲ್ಲಿ ಕೂತು ಪುತ್ತೂರು, ಸುಬ್ರಹ್ಮಣ್ಯ ಎಲ್ಲ ನೋಡಿದ್ದ ಹುಂಜ. ಒಂದು ಅಂಕದಲ್ಲಿ ಬೊಳ್ಳೆಗೂ ಸಂಕಪ್ಪಣ್ಣನ ಹುಂಜಕ್ಕೂ ಜೋಡಿಯಾಯಿತು. ಕಾಲಿಗೆ ಕತ್ತಿ ಕಟ್ಟಿ ಬಿಟ್ಟರು. ಬೊಳ್ಳೆ ಬಿತ್ತು. ಸೋತು ಸತ್ತ ಹುಂಜ ಗೆದ್ದವನಿಗೆ ಸೇರುವುದು ಕ್ರಮ. ಸಂಕಪ್ಪಣ್ಣ ಕ್ರಮಪ್ರಕಾರ ತೆಗೆದುಕೊಂಡು ಹೋದ. ಅಲ್ಲಿಯವರೆಗೆ ಯಾರಿಗೂ ಬೇಸರವಿರಲಿಲ್ಲ.

ಮರುದಿನ ಬಸ್ಸು ಬಂತು. ದುಃಖದಲ್ಲಿದ್ದ ಜೊತೆಗಾರನಿಗೆ ಒಳ್ಳೆಯದನ್ನು ತಿನ್ನಿಸಬೇಕೆಂದು ಸಂಕಪ್ಪಣ್ಣನಿಗೆ ಅನಿಸಿತು. ಅದು ಸಹಜವೇ. ಒಲೆಯ ಮೇಲೆ ಆ ಹೊತ್ತಿಗೆ ಇದ್ದದ್ದರಲ್ಲಿ ಒಳ್ಳೆಯದು ಯಾವುದಿತ್ತೋ ಅದನ್ನೇ ಕೊಟ್ಟ. ದೂಮಣ್ಣ ತಿಂದು, ಬೆರಳು ನೆಕ್ಕಿ, ಸ್ವಲ್ಪ ಸಮಾಧಾನವಾಗಿ ಕೇಳಿದನಂತೆ:

"ಗಟ್ಟಿ ಕೋಳಿ ಮಾರಾಯ. ಯಾವ ಊರಿದು?"

"ಯಾವ ಊರಿದು ಎಂತ? ನಿನ್ನ ಬೊಳ್ಳೆ."

ಆ ಮೇಲಿನದನ್ನು ಲೂಯಿಸ್ ವರ್ಣಿಸಲಿಲ್ಲ. ತಲೆಯ ಮೇಲೆ ಎರಡೂ ಕೈ ಹೊತ್ತು ತೋರಿಸಿದ. ಕೂಗಾಟವಾಯಿತು. ಕೊನೆಗೆ ದೂಮಣ್ಣ ನೆಲಕ್ಕೆ ಬಗ್ಗಿ ಮಣ್ಣು ಮುಟ್ಟಿ ಎದ್ದುಹೋದ. ಅವನು ತಿರುಗಿದ ಬೆನ್ನಿಗೇ ಸಂಕಪ್ಪಣ್ಣ ಕೆಂಡದ ಮೇಲೆ ನೀರು ಹೊಯ್ದ. ಅಲ್ಲಿಗೆ ಆಣೆ ಬಿತ್ತು.

ನಮ್ಮ ಕಡೆ ಆಣೆಯೆಂದರೆ ಬರಿಯ ಬಾಯಿಮಾತಲ್ಲ. ದೈವದ ಹೆಸರೆತ್ತಿ ಮಣ್ಣನ್ನೋ ಬೆಂಕಿಯನ್ನೋ ಸಾಕ್ಷಿ ಮಾಡಿ "ಇನ್ನು ನಿನ್ನಲ್ಲಿ ಮಾತಿಲ್ಲ" ಎಂದರೆ ಮುಗಿಯಿತು. ಮುರಿದರೆ ಆಣೆ ಹಾಕಿದವನ ಮನೆಮಂದಿಗೆ ತಾಗುತ್ತದೆ. ಬಿಡಿಸಬೇಕಾದರೆ ಇಬ್ಬರೂ ಒಟ್ಟಿಗೆ ದೈವದ ಅಂಗಳಕ್ಕೆ ಹೋಗಿ ತಪ್ಪು ಒಪ್ಪಿಕೊಳ್ಳಬೇಕು. ಒಬ್ಬನೇ ಹೋದರೆ ನಡೆಯುವುದಿಲ್ಲ. ಇಬ್ಬರೂ ಹೋಗಬೇಕಾದರೆ ಯಾರಾದರೊಬ್ಬ "ಬಾ" ಎನ್ನಬೇಕು. ಹಾಗೆನ್ನಲು ಆಣೆ ಬಿಡುವುದಿಲ್ಲ. ಈ ವ್ಯವಸ್ಥೆಯನ್ನು ಮಾಡಿದ ಹಿರಿಯರು ಪುರುಸೊತ್ತಿನವರು.

"ಆದ್ರೆ ದಿನಾ ತಿಂತಾರಲ್ಲ?" ಎಂದೆ.

"ಮಾತಿಲ್ಲ ಅಂತ ಆಣೆ, ಮಾಷ್ಟ್ರೆ. ಊಟ ಇಲ್ಲ ಅಂತ ಅಲ್ಲ," ಎಂದ ಲೂಯಿಸ್. "ಕಂಬಕ್ಕೆ ಆಣೆ ತಾಗುದಿಲ್ಲ."

ಹೀಗೆ ನಾನು ಹೋಗುವುದಕ್ಕಿಂತ ಎಷ್ಟೋ ವರ್ಷ ಮೊದಲಿನಿಂದ ನಡೆದುಕೊಂಡು ಬಂದಿತ್ತು. ನನಗೂ ರೂಢಿಯಾಯಿತು. ಹಬ್ಬಕ್ಕೆ ದೂಮಣ್ಣನ ಮಕ್ಕಳಿಗೆ ಸಂಕಪ್ಪಣ್ಣ ಕೋಳಿ ಕಟ್ಟಿಕೊಡುವುದು ಕಂಬದ ಮೂಲಕ. ಕಮಲಕ್ಕನ ಉಬ್ಬಸಕ್ಕೆ ದೂಮಣ್ಣ ಪುತ್ತೂರಿನಿಂದ ಔಷಧ ತರುವುದೂ ಕಂಬದ ಮೂಲಕ. ಬಸ್ಸಿನ ಹಾರ್ನು ಎಷ್ಟು ಬಾರಿಸಿದರೂ ಕೆಂಡ ಹದಕ್ಕೆ ಬಾರದೆ ಸಂಕಪ್ಪಣ್ಣ ಕೋಳಿ ಎತ್ತುತ್ತಿರಲಿಲ್ಲ. "ಗಾಳಿ ಹಾಕಿ ಬೆಂಕಿ ಎಬ್ಬಿಸುದು ಹೆದರುವವರ ಕೆಲಸ. ಕೆಂಡ ತನ್ನಷ್ಟಕ್ಕೆ ಕಾಯ್ಲಿ, ದೇವರು ಎಲ್ಲಿಗೆ ಓಡಿಹೋಗ್ತಾರೆ?" ಎಂದು ಅವಸರದ ಭಕ್ತರಿಗೆ ಹೇಳುತ್ತಿದ್ದ. ದೂಮಣ್ಣನೂ ಅಷ್ಟೇ, ಸಂಕಪ್ಪಣ್ಣನ ಒಲೆಯ ಕೊನೆಯ ಕಡ್ಡಿ ಖಾಲಿಯಾಗುವವರೆಗೆ ಎಂಜಿನು ತಣಿದಿದೆಯೆಂದು ಒಪ್ಪುತ್ತಿರಲಿಲ್ಲ.

ಅರುವತ್ತರ ದಶಕ ಶುರುವಾಗಿ ಒಂದೆರಡು ಮಳೆಗಾಲ ಕಳೆದ ಮೇಲೆ ಬಸ್ಸಿನ ಧಣಿಗಳು ಹೊಸ ಬಸ್ಸು ತಂದರು. ಹಸಿರು ಬಣ್ಣ, ಮುಂದೆ ಬೆಳ್ಳಿಯಂತೆ ಹೊಳೆಯುವ ಪಟ್ಟಿ. ಹೊಸ ಎಂಜಿನು ಎಂಥ ಏರಿಗೂ ಕುದಿಯದು. ಆದ್ದರಿಂದ ಇನ್ನು ಆ ತಿರುವಿನಲ್ಲಿ ಬಸ್ಸು ನಿಲ್ಲಿಸಬೇಕಾಗಿಲ್ಲ, ಕಡಬದಲ್ಲೇ ಹೊಸತಾಗಿ ಆದ, ಮೇಜು, ಕನ್ನಡಿ, ಕೈ ತೊಳೆಯುವ ನಲ್ಲಿ ಇರುವ ಹೋಟೇಲಿನಲ್ಲಿ ಊಟಕ್ಕೆ ನಿಲ್ಲಿಸಿದರಾಯಿತು ಎಂಬ ಮಾತು ಬಂತು. "ಡ್ರೈವರನ ಅಭಿಪ್ರಾಯ ಕೇಳಿ ತೀರ್ಮಾನ ಮಾಡುವ," ಎಂದರಂತೆ ಧಣಿಗಳು.

ಬಸ್ಸು ನಿಲ್ಲದ ಆ ತಿರುವಿನಲ್ಲಿ ಸಂಕಪ್ಪಣ್ಣನ ಹೋಟೇಲೆಂದರೆ ಬರೀ ಹೊಗೆ. ಅಲ್ಲಿ ಊರಿರಲಿಲ್ಲ, ಪೇಟೆಯಿರಲಿಲ್ಲ. ಇದ್ದದ್ದು ದೂಮಣ್ಣನ ಒಂದು ಮಾತು. ಅವನು "ಅಲ್ಲೇ ನಿಲ್ಲಿಸುವ" ಎಂದರೆ ಒಲೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ನಾನು ದೂಮಣ್ಣನನ್ನು ಕೇಳಿದೆ. "ನೀವು ಧಣಿಗಳ ಹತ್ತಿರ ಒಂದು ಮಾತು ಹೇಳ್ಬಾರ್ದಾ?"

"ಹೇಳುವ. ಅವನು ಕೇಳ್ಲಿ."

"ಅವರು ಹೇಗೆ ಕೇಳುದು? ಆಣೆ ಉಂಟಲ್ಲ?"

"ಅದು ನನಗೂ ಗೊತ್ತುಂಟು, ಮಾಷ್ಟ್ರೆ. ಉಪ್ಪು ಹುಳಿ ಕಂಬದ ಹತ್ತಿರ ಕೇಳ್ಬಹುದು. ಒಲೆ ಉಳಿಸಿ ಕೊಡು ಅಂತ ಕಂಬದ ಹತ್ತಿರ ಕೇಳುದು ಮರ್ಯಾದೆ ಅಲ್ಲ. ಅವನಿಗೂ ಅಲ್ಲ, ನನಗೂ ಅಲ್ಲ."

ಸಂಕಪ್ಪಣ್ಣನದೂ ಅದೇ ಮಾತು, ಹೇಳಿದ್ದು ಮಾತ್ರ ಕೋಳಿಯನ್ನು ನೋಡಿಕೊಂಡು. ಕೊನೆಗೆ ಕಮಲಕ್ಕ ಅಡುಗೆಕೋಣೆಯಿಂದ ಹೊರಗೆ ಬಂದರು. ಅವರು ಬರುವುದು ಅಪರೂಪ. ಹೊಗೆ ಅವರ ಉಸಿರಿಗೆ ಆಗದು.

"ಮಾಷ್ಟ್ರೆ, ಸಂಕ್ರಮಣದ ದಿನ ಇಬ್ಬರನ್ನೂ ದೈವಸ್ಥಾನಕ್ಕೆ ಎಳ್ಕೊಂಡು ಹೋಗುವ. ಇವರನ್ನು ನಾನು ಎಳಿತೇನೆ. ಆ ಡ್ರೈವರನ್ನು ನೀವು. ನನಗೆ ಈ ಕಂಬದ ಸಂಸಾರ ಸಾಕಾಯ್ತು."

ಎಳೆದೆವು. ದೈವಸ್ಥಾನ ರಸ್ತೆಯಿಂದ ಒಳಗೆ, ಗದ್ದೆ ದಾಟಿ. ಸಂಕಪ್ಪಣ್ಣ ಮುಂದೆ, ದೂಮಣ್ಣ ಹಿಂದೆ, ನಡುವೆ ಕಂಬದ ಬದಲು ನಾನು. ಇಬ್ಬರೂ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟಿದ್ದರು. ದೂಮಣ್ಣ ಕೂದಲಿಗೆ ಎಣ್ಣೆ ಹಾಕಿ ಬಾಚಿಕೊಂಡದ್ದನ್ನು ನಾನು ನೋಡಿದ್ದು ಆ ದಿನವೊಂದೇ. ಅಂಗಳದಲ್ಲಿ ದೈವಸ್ಥಾನದ ಯಜಮಾನರು ಕೂತಿದ್ದರು. ನೂರಾರು ಆಣೆ ಬಿಡಿಸಿದ ಹಿರಿಯರು, ಗಂಡ ಹೆಂಡತಿಯ ಆಣೆ, ಅಣ್ಣ ತಮ್ಮಂದಿರ ಆಣೆ, ತೋಡಿನ ನೀರಿನ ಆಣೆ.

"ಆಣೆ ಹಾಕಿದ್ದು ಯಾರು?" ಎಂದರು.

"ಅವನು," ಎಂದ ಸಂಕಪ್ಪಣ್ಣ, ದೂಮಣ್ಣನ ಕಡೆ ನೋಡದೆ.

"ಅವನು," ಎಂದ ದೂಮಣ್ಣ, ಸಂಕಪ್ಪಣ್ಣನ ಕಡೆ ನೋಡದೆ.

"ಇಬ್ಬರೂ ಹಾಕಿದ್ದಾ?"

"ನಾನು ಹಾಕ್ಲಿಲ್ಲ ಯಜಮಾನ್ರೆ," ಇಬ್ಬರೂ ಒಟ್ಟಿಗೆ.

ಯಜಮಾನರು ಬಾಯಿಯ ವೀಳ್ಯವನ್ನು ಒಂದು ಕಡೆಗೆ ಸರಿಸಿದರು. "ಸರಿಯಾಗಿ ಹೇಳಿ ನೋಡುವ. ಯಾರು ಯಾವ ಮಾತಿನಲ್ಲಿ ಹಾಕಿದ್ದು?"

"ಮಾತು ನನಗೆ ಕೇಳ್ಲಿಲ್ಲ," ಎಂದ ಸಂಕಪ್ಪಣ್ಣ. "ಇವನು ಬಗ್ಗಿ ಮಣ್ಣು ಮುಟ್ಟಿದ. ಕಣ್ಣಾರೆ ಕಂಡಿದ್ದೇನೆ."

ದೂಮಣ್ಣ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಮುಖ ನೋಡಿದ. "ಮಣ್ಣು ಮುಟ್ಟಿದ್ದಾ? ಬಸ್ಸಿನ ಚಾವಿ ಬಿದ್ದಿತ್ತು. ಹೆಕ್ಕಿದ್ದು ನಾನು!" ಎಂದ. ನಂತರ ಸ್ವರ ಏರಿಸಿ, "ಕೆಂಡಕ್ಕೆ ನೀರು ಹೊಯ್ದು ಆಣೆ ಹಾಕಿದ್ದು ನೀನಲ್ವಾ?"

"ಕೋಳಿಯ ಕೊಬ್ಬು ಬಿದ್ದು ಬೆಂಕಿ ಮಾಡಿಗೆ ಹಾರ್ತಾ ಇತ್ತು! ನೀರು ಹೊಯ್ಯದೆ ಹಾಲು ಹೊಯ್ಯುದಾ?"

ಗದ್ದೆಯ ಕಡೆಯಿಂದ ಒಂದು ಹಕ್ಕಿ ಕೂಗಿತು. ನಾನು ಕಟ್ಟೆಯ ಮೇಲೆ ಕೂತೆ. ಕಮಲಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಆಣೆ ಇಲ್ದಿದ್ರೆ ನೀನು ಇಷ್ಟು ವರ್ಷ ಮಾತಾಡದೆ ಇದ್ದದ್ದು ಯಾಕೆ?" ಎಂದು ಯಜಮಾನರು ಸಂಕಪ್ಪಣ್ಣನನ್ನು ಕೇಳಿದರು.

"ನಾನು ಮಾತಾಡಿಸಿ, ಇವನು ತಪ್ಪಿ ಓ ಅಂದ್ರೆ ಆಣೆ ಮುರಿದು ಹೋಗುದಲ್ವಾ? ಇವನಿಗೆ ಮಕ್ಕಳು ಉಂಟು ಯಜಮಾನ್ರೆ. ಸಣ್ಣದಕ್ಕೆ ಆಗ ನಡಿಲಿಕ್ಕೂ ಬರ್ತಿರ್ಲಿಲ್ಲ."

ದೂಮಣ್ಣ ನೆಲ ನೋಡಿಕೊಂಡು, "ಕಮ್ಲಕ್ಕನಿಗೆ ಮೊದ್ಲೇ ಉಸಿರಿನ ಕಾಯಿಲೆ," ಎಂದಷ್ಟೇ ಹೇಳಿದ.

ಯಜಮಾನರು ನನ್ನ ಕಡೆ ತಿರುಗಿದರು. "ಮಾಷ್ಟ್ರೆ, ಹಾಕಿದ ಆಣೆ ಬಿಡಿಸ್ಲಿಕ್ಕೆ ನನಗೆ ಗೊತ್ತುಂಟು. ಹಾಕದ್ದನ್ನು ಬಿಡಿಸುದು ಹೇಗೆ ಅಂತ ನಮ್ಮ ಹಿರಿಯರು ಹೇಳಿಕೊಟ್ಟಿಲ್ಲ. ಕರ್ಕೊಂಡು ಹೋಗಿ."

ಬಿಡಿಸಲು ಆಣೆಯೇ ಇರಲಿಲ್ಲ. ಇನ್ನು ಉಳಿದದ್ದು ಒಂದೇ ಕೆಲಸ. ಅಂಗಳದ ಮೆಟ್ಟಿಲ ಹತ್ತಿರ ಕಮಲಕ್ಕ ಗಂಡನ ಬೆನ್ನಿಗೆ ಬೆರಳಿನಿಂದ ಚುಚ್ಚಿದರು. "ಕೇಳಿ. ಬಸ್ಸಿನ ವಿಷಯ ಈಗ್ಲೇ ಕೇಳಿ."

ಸಂಕಪ್ಪಣ್ಣ ನಿಂತ. ದೂಮಣ್ಣನೂ ನಿಂತ. ಕೇಳಿದರೆ ಕೊಡಲು ತಯಾರಾಗಿ ನಿಂತವನ ನಿಲುವು ಅದು. ಒಂದು ಕೈಯನ್ನು ಆಗಲೇ ಅರ್ಧ ಎತ್ತಿದ್ದ. ಸಂಕಪ್ಪಣ್ಣ ಬಾಯಿ ತೆರೆದ. ಅಷ್ಟು ವರ್ಷಗಳಿಂದ ಒಳಗೆ ಕೂತದ್ದು ಯಾವುದೋ, ಅದು ಬಸ್ಸಿನ ವಿಷಯವನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂತು.

"ಅಲ್ಲ ದೂಮ," ಎಂದ, "ಒಂದು ಸತ್ಯ ಹೇಳು. ಬೊಳ್ಳೆ ರುಚಿ ಇತ್ತೋ ಇಲ್ವೋ?"

ಕಮಲಕ್ಕ ಕಣ್ಣು ಮುಚ್ಚಿಕೊಂಡರು. ದೂಮಣ್ಣ ಯೋಚಿಸಿದ. "ಇತ್ತು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನು ನಿಂತದ್ದು ದೈವದ ಅಂಗಳದಲ್ಲಿ, ಕೇಳಿದ್ದು ಸತ್ಯ.

"ರುಚಿ ಇತ್ತು," ಎಂದ. "ಉಪ್ಪು ಸ್ವಲ್ಪ ಕಮ್ಮಿ."

ಹುಬ್ಬಿಲ್ಲದ ಆ ಮುಖ ಆಘಾತಗೊಂಡಂತೆ ಕಾಣುತ್ತಿದ್ದದ್ದು ಯಾವಾಗಲೂ. ನಿಜವಾಗಿ ಆಘಾತಗೊಂಡಾಗ ಹೇಗಿರುತ್ತದೆಂದು ನಾನು ಆ ದಿನ ಕಂಡೆ. ಮುಖ ಪೂರಾ ಖಾಲಿಯಾಯಿತು.

"ಉಪ್ಪು ಕಮ್ಮಿಯಾ? ನನ್ನ ಕೈಗೆ ಉಪ್ಪು ಕಮ್ಮಿಯಾ?"

"ಕೇಳಿದ್ದಿ, ಹೇಳಿದೆ."

"ಬೆರಳು ನೆಕ್ಕಿದ್ದು ಯಾರ ಅಜ್ಜ?"

"ಉಪ್ಪು ಉಂಟೋ ಅಂತ ಹುಡುಕಿದ್ದು!"

ನಾನು ನಡುವೆ ಹೋದೆ. ಸಂಕಪ್ಪಣ್ಣ ನನ್ನನ್ನು ಒಂದು ಬದಿಗೆ ಸರಿಸಿದ, ದೂಮಣ್ಣ ಇನ್ನೊಂದು ಬದಿಗೆ. ದೂಮಣ್ಣ ಹೇಳಿದ, ತನ್ನ ಕೋಳಿಯನ್ನು ತನಗೇ ತಿನ್ನಿಸುವವನಿಗೆ ಮನುಷ್ಯರ ಹತ್ತಿರ ಮಾತಾಡಿ ಗೊತ್ತಿಲ್ಲ, ಕೋಳಿಗಳ ಹತ್ತಿರವೇ ಸರಿ ಎಂದು. ಸಂಕಪ್ಪಣ್ಣ ಹೇಳಿದ, ಕಂಬಕ್ಕೆ ಕಿವಿ ಇದ್ದಿದ್ದರೆ ಅದು ಇಷ್ಟು ಹೊತ್ತಿಗೆ ಓಡಿಹೋಗುತ್ತಿತ್ತು ಎಂದು. ಹೀಗೆ ಹೇಳಿ ಹೇಳಿ ಅವರು ಮೆಟ್ಟಿಲಿಳಿಯುವ ಬದಲು ಮತ್ತೆ ಅಂಗಳಕ್ಕೇ ಹತ್ತಿದರು. ಯಜಮಾನರು ಏಳಲೂ ಪುರುಸೊತ್ತಾಗಲಿಲ್ಲ. ಸಂಕಪ್ಪಣ್ಣ ಬಗ್ಗಿ, ಈ ಸಲ ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಅಂಗೈಯನ್ನು ಪೂರ್ತಿ ಮಣ್ಣಿಗೊತ್ತಿ, ದೈವದ ಹೆಸರೆತ್ತಿ, "ಇನ್ನು ನಿನ್ನ ಹತ್ತಿರ ಬಾಯಿ ಬಿಡುದಿಲ್ಲ," ಎಂದ. ದೂಮಣ್ಣ ಅದೇ ಜಾಗದಲ್ಲಿ ಅಂಗೈ ಒತ್ತಿ ಅದನ್ನೇ ಹೇಳಿದ.

ಯಜಮಾನರು ತಲೆಯಾಡಿಸಿದರು. "ಈಗ ಸರಿಯಾಯ್ತು," ಎಂದರು. "ಬಿಡಿಸುವಾಗ ಇಬ್ಬರೂ ಬನ್ನಿ."

ಇಲ್ಲದ ಆಣೆಯನ್ನು ಬಿಡಿಸಲು ಹೋದವರು ಇರುವ ಆಣೆಯನ್ನು ಹೊತ್ತುಕೊಂಡು ಗದ್ದೆ ದಾಟಿ ವಾಪಸು ಬಂದೆವು. ದಾರಿಯಲ್ಲಿ ಕಮಲಕ್ಕ ಒಂದೇ ಒಂದು ಮಾತಾಡಿದರು, ಅದೂ ನನಗೆ: "ನೀವು ಮದುವೆ ಆಗ್ಬೇಡಿ ಮಾಷ್ಟ್ರೆ."

ಬಸ್ಸಿನ ವಿಷಯವನ್ನು ಯಾರೂ ಕೇಳಲಿಲ್ಲ. ಧಣಿಗಳು ಕೇಳಿದಾಗ ದೂಮಣ್ಣ, "ನಿಮಗೆ ಸರಿ ಕಂಡ ಹಾಗೆ," ಎಂದನೆಂದು ಲೂಯಿಸ್ ತಿಳಿಸಿದ. ಊಟದ ನಿಲುಗಡೆ ಕಡಬಕ್ಕೆ ಹೋಯಿತು. ಹಸಿರು ಬಸ್ಸು ಮೊದಲ ಸಲ ಹೊರಟ ದಿನ ನಾನು ಅದರಲ್ಲಿದ್ದೆ. ಏರು ಬಂತು. ಮೇಲೆ ಹೊಗೆ ಕಾಣುತ್ತಿತ್ತು. ಸಂಕಪ್ಪಣ್ಣ ಒಲೆ ಹಚ್ಚಿಯೇ ಇದ್ದ, ಬಸ್ಸು ನಿಲ್ಲದಿದ್ದರೂ ಕೆಂಡ ಆಗಲೇಬೇಕು ಎನ್ನುವ ಹಾಗೆ. ನಾನು ಬೇರೆ ಕಡೆ ಮುಖ ತಿರುಗಿಸಿದೆ.

ತಿರುವಿನಲ್ಲಿ ಬಸ್ಸು ಒಮ್ಮೆ ಕೆಮ್ಮಿ ನಿಂತಿತು. ದೂಮಣ್ಣ ಇಳಿದು ಬಾನೆಟ್ಟು ಎತ್ತಿದ. "ಎಂಜಿನು ಕಾದಿದೆ," ಎಂದು ಆಕಾಶಕ್ಕೆ ಹೇಳಿದ. "ತಣಿಲಿಕ್ಕೆ ಹೊತ್ತುಂಟು. ಇಳಿಯುವವರು ಇಳಿಬಹುದು."

ಆವಿಯ ಒಂದು ಎಳೆಯೂ ನನಗೆ ಕಾಣಲಿಲ್ಲ. ಅವನು ಹೋಟೇಲಿನ ಒಳಗೆ ಬಂದು ತನ್ನ ಜಾಗದಲ್ಲಿ ಕೂತ.

"ಕಂಬವೇ, ಎದೆ."

"ಕಡಬದಲ್ಲಿ ಕನ್ನಡಿ ಉಂಟಂತೆ," ಎಂದು ಸಂಕಪ್ಪಣ್ಣ ಕೋಳಿಗೆ ಹೇಳಿದ. "ಮುಖ ನೋಡಿಕೊಂಡು ತಿನ್ಬಹುದಿತ್ತು." ಎದೆಯ ತುಂಡು ಹಿಂದಿನ ಸಾಲಿನಲ್ಲಿ ತಯಾರಿತ್ತು.

ಅಂದಿನಿಂದ ಹೊಸ ಎಂಜಿನು ಪ್ರತಿದಿನ ಅದೇ ತಿರುವಿನಲ್ಲಿ ಕಾದಿತು. ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ಹರಿಯುವಾಗಲೂ ಕಾದಿತು. ಪುತ್ತೂರಿನಲ್ಲಿ ಮೇಸ್ತ್ರಿ ಎರಡು ಸಲ ಎಂಜಿನು ಬಿಚ್ಚಿ, ಒಳಗೆ ಯಾವ ದೋಷವೂ ಕಾಣದೆ, ಇದು ಸುಬ್ರಹ್ಮಣ್ಯದ ದಾರಿಯಾದ್ದರಿಂದ ನಾಗದೋಷವಿರಬಹುದೆಂದು ಧಣಿಗಳಿಗೆ ಹೇಳಿದ. ಭಕ್ತರು ಹೋಗುವಾಗ ಮೂಗು ಮುಚ್ಚಿಕೊಂಡರು, ಬರುವಾಗ ಮೊದಲು ಇಳಿದರು. ಒಲೆ ಉಳಿಯಿತು.

ಸಂಕಪ್ಪಣ್ಣನನ್ನು ನಾನು ಕೊನೆಯ ಬಾರಿ ಕಂಡದ್ದು ಅರುವತ್ತರ ದಶಕ ಮುಗಿಯುತ್ತಿದ್ದ ಒಂದು ಮಳೆಗಾಲದಲ್ಲಿ. ಹೊಗೆ ತಿಂದು ತಿಂದು ಅವನ ಎದೆಯೂ ಹೆಂಡತಿಯ ಎದೆಯ ಹಾಗೆ ಕೂಗಲು ಶುರುಮಾಡಿತ್ತು. ಒಲೆಯ ಮುಂದೆ ಕಮಲಕ್ಕ, ಬೆಂಚಿನ ಮೇಲೆ ಕಂಬಳಿ ಹೊದ್ದು ಅವನು. ಕೂತಲ್ಲಿಂದಲೇ ಪ್ರತಿಯೊಂದು ಕಡ್ಡಿಗೂ ಹುಕುಂ ಮಾಡುತ್ತಿದ್ದ. ದೂಮಣ್ಣ ಮಳೆಯಲ್ಲಿ ಬಂದು, ತನ್ನ ಕೊಡೆಯನ್ನು ಮಡಚಿ ಕಂಬಕ್ಕೆ ಒರಗಿಸಿಟ್ಟ. ಹೊಚ್ಚಹೊಸ ಕೊಡೆ, ಬೆತ್ತದ ಹಿಡಿ.

"ಕಂಬವೇ, ಕಡ್ಡಿ ಹಳತಾಗಿದೆ. ಇದನ್ನು ಬಿಚ್ಚಿ ಹಾಕ್ಲಿಕ್ಕೆ ಹೇಳು," ಎಂದು ಹೇಳಿ, ಉಂಡು, ಮಳೆಯಲ್ಲಿ ನೆನೆದುಕೊಂಡೇ ಬಸ್ಸಿನ ಕಡೆ ಹೋಗಿ ಬಾನೆಟ್ಟಿನ ಮುಂದೆ ಬಗ್ಗಿ ನಿಂತ, ಕೈಯಲ್ಲಿ ನೀರಿನ ಡಬ್ಬ.

ಸಂಕಪ್ಪಣ್ಣ ನನ್ನನ್ನು ಹತ್ತಿರ ಕರೆದ. "ಮಾಷ್ಟ್ರೆ, ನಾನೀಗ ಕಂಬಕ್ಕೆ ಒಂದು ಹೇಳುದುಂಟು. ಸ್ವಲ್ಪ ಗಟ್ಟಿಯಾಗಿ ಹೇಳ್ತೇನೆ. ಬೇರೆ ಯಾರಿಗಾದ್ರೂ ಕೇಳಿದ್ರೆ ಅದು ನನ್ನ ತಪ್ಪಲ್ಲ, ಅಲ್ವಾ?"

"ಅಲ್ಲ," ಎಂದೆ.

ಅವನು ಉಸಿರು ಎಳೆದುಕೊಂಡು, ಮಳೆಯ ಸದ್ದಿಗಿಂತ ಮೇಲೆ ಸ್ವರ ಎತ್ತಿ ಕೂಗಿದ: "ಕಂಬವೇ! ಆ ದಿನ ಬೊಳ್ಳೆಗೆ ಉಪ್ಪು ಕಮ್ಮಿ ಇತ್ತು! ನನಗೆ ಆಗ್ಲೇ ಗೊತ್ತಿತ್ತು!"

ಬಾನೆಟ್ಟಿನ ಮುಂದೆ ಬಗ್ಗಿದ್ದ ದೂಮಣ್ಣ ತಿರುಗಲಿಲ್ಲ. ಎಂಜಿನಿಗೆ ನೀರು ಹೊಯ್ಯುತ್ತಲೇ ಇದ್ದ. ನೀರು ಮೇಲಕ್ಕೆ ತುಂಬಿ, ಉಕ್ಕಿ, ಅವನ ಪಾದಗಳ ಮೇಲೆ ಬೀಳತೊಡಗಿತು. ಡಬ್ಬ ಖಾಲಿಯಾಗುವವರೆಗೂ ಹೊಯ್ದ.

ಆ ಮಳೆಗಾಲದ ಆಟಿ ತಿಂಗಳಲ್ಲೇ ಸಂಕಪ್ಪಣ್ಣ ತೀರಿಕೊಂಡ. ನಾನು ಹೋದಾಗ ಮುಖದ ಮೇಲಿನ ಬಟ್ಟೆ ಸರಿಸಿ ತೋರಿಸಿದರು. ಅದೇ ಕಳೆ, ಈಗಷ್ಟೇ ಏನೋ ಕೇಳಿದ ಹಾಗೆ. ಎಂತ ಆಯ್ತು ಎಂದು ಕೇಳಬೇಕೆನಿಸಿತು. ಕಮಲಕ್ಕ ತಮ್ಮನ ಮನೆಗೆ ಕೊಲ್ಲಮೊಗ್ರಿಗೆ ಹೋದರು. ದೂಮಣ್ಣ ಕೊಟ್ಟ ಕೊಡೆಯನ್ನು ಯಾರೂ ಬಿಚ್ಚಿರಲಿಲ್ಲ, ಅವರು ಅದನ್ನು ಹಿಡಿದುಕೊಂಡೇ ಬಸ್ಸು ಹತ್ತಿದರು. ಆಣೆ ಬಿಡಿಸಲು ಇಬ್ಬರೂ ಬರಬೇಕಾದ್ದರಿಂದ ಅದು ಹಾಗೆಯೇ ಉಳಿಯಿತು.

ದೂಮಣ್ಣ ನಿವೃತ್ತನಾಗುವವರೆಗೆ ಅದೇ ಹಸಿರು ಬಸ್ಸನ್ನು ಓಡಿಸಿದ. ಆ ತಿರುವಿನಲ್ಲಿ ಅದರ ಎಂಜಿನು ಮತ್ತೆ ಕಾಯಲಿಲ್ಲ.